ಎಷ್ಟು, ಯಾವಾಗ, ಯಾರಿಗೆ?

ಹೈಡ್ರೋಜನ್ ಸಲ್ಫೈಡ್ ಎಂಬ ಹೆಸರು ಕೇಳದವರಿಗೂ ಅದರ ವಾಸನೆ ಗೊತ್ತು. ಚಿಕ್ಕಬಳ್ಳಾಪುರದಲ್ಲೋ ಶಿಡ್ಲಘಟ್ಟದಲ್ಲೋ ಕಟ್ಟಿಕೊಂಡ ಒಳಚರಂಡಿಯ ಮುಚ್ಚಳ ಎತ್ತಿದರೆ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ನಾತವೇ ಅದು. ನಾತ ಹೊಡೆಯುವಾಗಿನದಕ್ಕಿಂತ ಅದು ನಿಂತಾಗ ಹೆಚ್ಚು ಹೆದರಬೇಕು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 100 ಪಾಲು ಈ ಅನಿಲವಾದರೆ ಮೂಗು ಮರಗಟ್ಟುತ್ತದೆ; ಗುಂಡಿಗೆ ಇಳಿದವನು ಗಾಳಿ ತಿಳಿಯಾಯಿತೆಂದುಕೊಳ್ಳುತ್ತಾನೆ. ಇನ್ನೂ ಏರಿದರೆ ಜೀವಕೋಶಗಳು ಆಮ್ಲಜನಕ ಬಳಸುವುದೇ ನಿಂತು ಪ್ರಜ್ಞೆ ತಪ್ಪುತ್ತದೆ.

ಇದೇ ಅನಿಲ ಪೆಟ್ಟುಬಿದ್ದ ಮಿದುಳನ್ನು ಕಾಪಾಡುತ್ತದೆ ಎಂಬ ಮಾತೂ ಪೂರಾ ಸುಳ್ಳಲ್ಲ. ಮಿದುಳು ತಾನೇ ಇದನ್ನು ತೀರಾ ಕಡಿಮೆ ಪ್ರಮಾಣದಲ್ಲಿ ತಯಾರಿಸಿ ನರಕೋಶಗಳ ಸಂವಹನಕ್ಕೆ ಬಳಸುತ್ತದೆ ಎಂದು 1996ರಲ್ಲಿ ಜಪಾನಿನ ಅಬೆ ಮತ್ತು ಕಿಮುರಾ ತೋರಿಸಿಕೊಟ್ಟರು. 2005ರಲ್ಲಿ ಅಮೆರಿಕದ ಮಾರ್ಕ್ ರಾತ್ ತಂಡ ಹತ್ತು ಲಕ್ಷಕ್ಕೆ 80 ಪಾಲು ಈ ಅನಿಲವಿದ್ದ ಗಾಳಿಯಲ್ಲಿ ಇಲಿಗಳನ್ನಿಟ್ಟಿತು. ಅವುಗಳ ಮೈ ತಣ್ಣಗಾಯಿತು, ಉಸಿರು ನಿಧಾನವಾಯಿತು, ಹೊರತೆಗೆದ ಮೇಲೆ ಚೇತರಿಸಿಕೊಂಡವು. ಕುರಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಹಾಗಾಗಲಿಲ್ಲ. ಪಾರ್ಶ್ವವಾಯು ಬರಿಸಿದ ಇಲಿಗಳಿಗೆ ಸಿಂಗಪುರದವರು ಈ ಅನಿಲ ಬಿಡುಗಡೆ ಮಾಡುವ ಲವಣ ಕೊಟ್ಟಾಗ ಮಿದುಳಿನ ಹಾನಿ ಇನ್ನಷ್ಟು ಹಿಗ್ಗಿತು. ಹಾಗಾಗಿ ಇಂಥ ಸುದ್ದಿಗೆ 'ವಿಷವೇ ಮದ್ದು' ಎಂಬ ತಲೆಬರಹ ಕೊಡುವುದಕ್ಕೆ ನನ್ನ ತಕರಾರಿದೆ.

ಪ್ರತಿ ಔಷಧವೂ ಇಲಿಯಿಂದಲೇ ಶುರುವಾಗುವುದಲ್ಲವೇ ಎನ್ನಬಹುದು. ನಿಜ; ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡನ್ನು ಈಗ ಶ್ವಾಸಕೋಶದ ತೊಂದರೆಯಿರುವ ನವಜಾತ ಶಿಶುಗಳಿಗೆ ಅಳೆದು ಕೊಡುತ್ತಾರೆ. ಆದರೆ ತಲೆಪೆಟ್ಟಿನ ಔಷಧಗಳ ಚರಿತ್ರೆ ಬೇರೆ. ಇಲಿಗಳಲ್ಲಿ ಗೆದ್ದ ಪ್ರೊಜೆಸ್ಟರಾನ್ ಎಂಬ ಹಾರ್ಮೋನು, 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಮನುಷ್ಯರಿಗೆ ಉಪಯೋಗಕ್ಕೆ ಬರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ವಿಚಾರವಾದಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ್ದು ಪರೀಕ್ಷಿಸದೆ ಒಪ್ಪಬಾರದೆಂದು. ಪ್ರಯೋಗಾಲಯದ ಪವಾಡಕ್ಕೇನು ರಿಯಾಯಿತಿ? ಹೀಗೆಂದರೆ ಸಂಶೋಧನೆ ಬೇಡವೆಂದಲ್ಲ, ನಡೆಯಲಿ. ಅದು ಫಲ ಕೊಡುವವರೆಗೆ ಚಿಂತಾಮಣಿಯಲ್ಲಿ ಬೈಕಿನಿಂದ ಬಿದ್ದವನ ಮಿದುಳನ್ನು ಕಾಯುವುದು ಹೆಲ್ಮೆಟ್ಟು, ಜೊತೆಗೆ 70 ಕಿ.ಮೀ.ಗೂ ಹೆಚ್ಚು ದೂರದ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಬೇಗ ಮುಟ್ಟಿಸುವ ಆಂಬುಲೆನ್ಸು. ಚರಂಡಿಯ ವಿಷಯದಲ್ಲಂತೂ ಕಾಯಬೇಕಾದ್ದೇ ಇಲ್ಲ. ಹಳೆಯ ಕೋಲಾರ ಜಿಲ್ಲೆಯ ಕೆ.ಜಿ.ಎಫ್‌ನವರಾದ ಬೆಜವಾಡ ವಿಲ್ಸನ್ ಮನುಷ್ಯರಿಂದ ಮಲ, ಚರಂಡಿ ಬಳಿಸುವುದರ ವಿರುದ್ಧ ದಶಕಗಳಿಂದ ಹೋರಾಡುತ್ತಿದ್ದಾರೆ, ಅದನ್ನು ನಿಷೇಧಿಸುವ 2013ರ ಕಾಯ್ದೆಯೂ ಇದೆ. ಅನಿಲ ಅಳೆಯುವ ಉಪಕರಣ, ಹೂಳು ತೆಗೆಯುವ ಯಂತ್ರ ಎರಡೂ ಅಂಗಡಿಯಲ್ಲಿ ಸಿಗುತ್ತವೆ. ನಗರಸಭೆಗಳು ಅವನ್ನು ಈ ವರ್ಷದ ಬಜೆಟ್ಟಿನಲ್ಲೇ ಬರೆದುಕೊಳ್ಳಬಹುದು.