ಮಣೆ ಹಾಕದೆ ನೆಂಟನನ್ನು ಬೈಯುವವರಿಗೆ

ಕಳೆದ ತಿಂಗಳು ನಮಗೊಂದು ಫೋನ್ ಬಂತು. "ಸರ್, ನೀವು ಪೇಪರ್‌ನವರು, ಕಂಪ್ಯೂಟರ್ ಗೊತ್ತಿರ್ತದೆ. ಮಗಳ ಲ್ಯಾಪ್‌ಟಾಪ್ ಹಳೇದಾಯ್ತು, ಲಿನಕ್ಸ್ ತಡ್ಕೊಳಲ್ಲ, ಗ್ರಾಫಿಕ್ಸ್ ಕಾರ್ಡ್ ಇರೋ ಹೊಸದು ತಗೊಳ್ಳಿ ಅಂತ ಅಂಗಡಿಯವರು ಹೇಳ್ತಾರೆ. ಸಾಲ ಮಾಡಬೇಕಾ?"

ನಾವು ಹೋಗಿ ನೋಡಿದೆವು. ಹುಡುಗಿ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದಾಳೆ. ವಿಂಡೋಸ್ ಅಳಿಸುವಂತಿಲ್ಲ, ಅಣ್ಣನ ಲೆಕ್ಕಪತ್ರ ಅದರಲ್ಲಿದೆ. ಹಾಗಾಗಿ ವರ್ಚುವಲ್‌ಬಾಕ್ಸ್ ಹಾಕಿಕೊಂಡು, ಅದರೊಳಗೆ ಉಬುಂಟು ಲಿನಕ್ಸ್ ಕೂರಿಸಿದ್ದಾಳೆ. ಅಂದರೆ ಒಂದೇ ಲ್ಯಾಪ್‌ಟಾಪಿನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ. ಇದನ್ನೇ ವರ್ಚುವಲ್ ಮೆಷಿನ್ ಎನ್ನುತ್ತಾರೆ. ಅಷ್ಟನ್ನೂ ಅವಳೇ ಮಾಡಿದ್ದಾಳೆ.

ತೊಂದರೆ ಒಂದೇ. ಫುಲ್ ಸ್ಕ್ರೀನ್ ಮಾಡಿದರೂ ಉಬುಂಟು ನಡುವೆ ಚಿಕ್ಕ ಚೌಕವಾಗಿ ಕೂತಿದೆ, ಸುತ್ತ ಕಪ್ಪು. ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದರೆ 800×600 ಬಿಟ್ಟು ಬೇರೆ ಅಳತೆಯೇ ಪಟ್ಟಿಯಲ್ಲಿಲ್ಲ. ಕೆಲವು ಕಿಟಕಿಗಳಂತೂ ಪರದೆಗಿಂತ ಉದ್ದ. ಕೆಳಗಿರುವ 'ಅಪ್ಲೈ' ಬಟನ್ ಒತ್ತೋಣವೆಂದರೆ ಅದು ಪರದೆಯಿಂದ ಆಚೆ ಹೋಗಿದೆ.

ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ. ಲಿನಕ್ಸೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಸಲಹೆ. ಒಂದು ಪೈಸೆ ಖರ್ಚಿಲ್ಲದೆ ಸರಿಯಾಗುವ ಕೆಲಸಕ್ಕೆ ಒಂದು ಮನೆಯನ್ನು ಸಾಲದ ಬಾಗಿಲಿಗೆ ನಿಲ್ಲಿಸುವುದು ಅಜ್ಞಾನವಾದರೂ ತಪ್ಪೇ, ವ್ಯಾಪಾರವಾದರಂತೂ ಇನ್ನೂ ದೊಡ್ಡ ತಪ್ಪು. ಅಂಗಡಿಯ ಹೆಸರು ಬೇಡ. ಇದು ಒಬ್ಬರ ಮಾತಲ್ಲ, ಹಲವು ಕಡೆ ಕೇಳಿದ್ದೇವೆ.

ಮೊದಲು ಕಾರಣ ತಿಳಿಯೋಣ. ನಿಮ್ಮ ಮೇಜಿನ ಮೇಲಿನ ನಿಜವಾದ ಮಾನಿಟರ್‌ನೊಳಗೆ ಒಂದು ಚಿಕ್ಕ ಟಿಪ್ಪಣಿ ಇರುತ್ತದೆ. ಅದಕ್ಕೆ ಇಡಿಐಡಿ ಎಂದು ಹೆಸರು. ಮೂಲ ಟಿಪ್ಪಣಿ ಬರೀ 128 ಬೈಟ್. ವೈರ್ ಚುಚ್ಚಿದ ಕೂಡಲೇ ಮಾನಿಟರ್ ಅದನ್ನು ಕಂಪ್ಯೂಟರಿಗೆ ಒಪ್ಪಿಸುತ್ತದೆ: ನಾನು ಇಂಥವನು, ಇಷ್ಟು ಅಗಲ, ಇಷ್ಟು ಎತ್ತರ, ಈ ಈ ಅಳತೆ ನನಗೆ ಒಗ್ಗುತ್ತದೆ. ಆ ಪಟ್ಟಿಯೇ ಸೆಟ್ಟಿಂಗ್ಸ್‌ನಲ್ಲಿ ನಮಗೆ ಕಾಣುವುದು.

ವರ್ಚುವಲ್ ಮೆಷಿನ್‌ಗೆ ನಿಜವಾದ ಮಾನಿಟರ್ ಇಲ್ಲ. ಅದಕ್ಕಿರುವುದು ವರ್ಚುವಲ್‌ಬಾಕ್ಸ್ ತೋರಿಸುವ ನಕಲಿ ಪರದೆ. ಹೊರಗಿನ ಕಿಟಕಿ ಎಷ್ಟು ದೊಡ್ಡದು ಎಂದು ಒಳಗಿನ ಲಿನಕ್ಸಿಗೆ ಯಾರಾದರೂ ಹೇಳಬೇಕು. ಹೇಳುವವರಿಲ್ಲದಿದ್ದರೆ ಅದು ಸುರಕ್ಷಿತವಾದ ಚಿಕ್ಕ ಅಳತೆ ಹಿಡಿದು ಕೂರುತ್ತದೆ. ಕಂಪ್ಯೂಟರ್ ಭಾಷೆಯಲ್ಲಿ ಹೊರಗಿನದು ಹೋಸ್ಟ್, ಒಳಗಿನದು ಗೆಸ್ಟ್. ನಮ್ಮ ಮಾತಿನಲ್ಲಿ ಮನೆಯವರು ಮತ್ತು ನೆಂಟರು. ನೆಂಟ ಬಂದಿದ್ದಾನೆ, ಮಣೆ ಹಾಕಿಲ್ಲ, ಎಲ್ಲಿ ಕೂರಬೇಕೆಂದು ಹೇಳಿಲ್ಲ. ಅವನು ಬಾಗಿಲ ಬಳಿ ಮುದುರಿ ಕೂತರೆ 'ಈ ನೆಂಟ ನಮ್ಮ ಮನೆಗೆ ಒಗ್ಗಲ್ಲ' ಎನ್ನುವುದು ಯಾವ ನ್ಯಾಯ?

ಇನ್ನು ಗ್ರಾಫಿಕ್ಸ್ ಕಾರ್ಡಿನ ಮಾತು. ಲೆಕ್ಕ ಹಾಕೋಣ, ಕ್ಯಾಲ್ಕುಲೇಟರ್ ಫೋನಿನಲ್ಲೇ ಇದೆ. ಹಲವು ಹಳೆಯ ಲ್ಯಾಪ್‌ಟಾಪ್‌ಗಳ ಪರದೆ 1366×768. ಗುಣಿಸಿದರೆ 10,49,088 ಚುಕ್ಕಿ. ಒಂದು ಚುಕ್ಕಿಗೆ 4 ಬೈಟ್ ಎಂದರೂ ಒಂದು ಇಡೀ ಪರದೆ ಹಿಡಿಸಲು ಸುಮಾರು 4 ಎಂಬಿ ಸಾಕು. 1920×1080 ಆದರೆ ಸುಮಾರು 8 ಎಂಬಿ. ವರ್ಚುವಲ್‌ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಮೆಮೊರಿಯನ್ನು 128 ಎಂಬಿವರೆಗೆ ಎಳೆಯಬಹುದು. ಇದಕ್ಕೆ ಹೊಸ ಲ್ಯಾಪ್‌ಟಾಪ್ ಬೇಕೆಂದು ಹೇಳುವವರು ಈ ಗುಣಾಕಾರ ಮಾಡಿ ತೋರಿಸಲಿ. 800×600 ಎಂದರೆ 4,80,000 ಚುಕ್ಕಿ. ಅಂದರೆ ಆ ಹುಡುಗಿ ದುಡ್ಡು ಕೊಟ್ಟು ತಂದ ಪರದೆಯಲ್ಲಿ ಅರ್ಧಕ್ಕಿಂತ ಕಡಿಮೆ ಚುಕ್ಕಿಗಳಲ್ಲಿ ಓದುತ್ತಿದ್ದಳು.

ಹಾಗಾದರೆ ಪರಿಹಾರ? ಈ ಕ್ರಮದಲ್ಲಿ ಮಾಡಿ.

ಒಂದು. ವರ್ಚುವಲ್ ಮೆಷಿನ್ ಪೂರ್ತಿ ಆಫ್ ಮಾಡಿ. ಅದರ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ತೆರೆದು, ಗ್ರಾಫಿಕ್ಸ್ ಕಂಟ್ರೋಲರ್ ಎಂಬಲ್ಲಿ ವಿಎಂಎಸ್‌ವಿಜಿಎ ಆರಿಸಿ. ಲಿನಕ್ಸಿಗೆ ಹೊಂದುವುದು ಇದೇ. ವಿಡಿಯೊ ಮೆಮೊರಿಯನ್ನು 128ಕ್ಕೆ ಎಳೆಯಿರಿ.

ಎರಡು. ಲಿನಕ್ಸ್ ಆನ್ ಮಾಡಿ, ಟರ್ಮಿನಲ್‌ನಲ್ಲಿ ಜಿಸಿಸಿ, ಮೇಕ್, ಪರ್ಲ್ ಮತ್ತು ಕರ್ನಲ್ ಹೆಡರ್ಸ್ ಹಾಕಿಕೊಳ್ಳಿ. ನಂತರ ವರ್ಚುವಲ್‌ಬಾಕ್ಸಿನ ಡಿವೈಸಸ್ ಮೆನುವಿನ ಕೊನೆಯಲ್ಲಿ ಗೆಸ್ಟ್ ಅಡಿಷನ್ಸ್ ಸಿಡಿ ಹಾಕುವ ಆಯ್ಕೆ ಇದೆ. ಒತ್ತಿದರೆ ಲಿನಕ್ಸಿನೊಳಗೆ ಒಂದು ಸಿಡಿ ಕಾಣಿಸುತ್ತದೆ, ಅದನ್ನು ತೆರೆದು ರನ್ ಮಾಡಿ. ಮನೆಯವರಿಗೂ ನೆಂಟನಿಗೂ ಮಾತು ಬೆಸೆಯುವುದು ಇದೇ. ಎಕ್ಸ್‌ಟೆನ್ಷನ್ ಪ್ಯಾಕ್ ಎಂಬುದು ಬೇರೆ, ಈ ಕೆಲಸಕ್ಕೆ ಅದು ಬೇಡ.

ಮೂರು. ರೀಸ್ಟಾರ್ಟ್ ಮಾಡಿ, ವ್ಯೂ ಮೆನುವಿನಲ್ಲಿ ಆಟೊ ರೀಸೈಜ್ ಆನ್ ಇದೆಯೇ ನೋಡಿ. ಕಿಟಕಿ ಎಳೆದಂತೆ ಲಿನಕ್ಸೂ ಹಿಗ್ಗುತ್ತದೆ.

ನಡುವೆ ಬಟನ್ ಪರದೆಯಾಚೆ ಹೋದರೆ ಹೆದರಬೇಡಿ. ಉಬುಂಟುವಿನಲ್ಲಿ ವಿಂಡೋಸ್ ಕೀ ಹಿಡಿದು, ಕಿಟಕಿಯನ್ನು ಎಲ್ಲಿ ಬೇಕಾದರೂ ಹಿಡಿದು ಮೇಲಕ್ಕೆಳೆಯಿರಿ. ಕೆಲವು ಲಿನಕ್ಸ್‌ಗಳಲ್ಲಿ ವಿಂಡೋಸ್ ಕೀ ಬದಲು ಆಲ್ಟ್ ಕೀ. ವರ್ಚುವಲ್‌ಬಾಕ್ಸ್ ಅಲ್ಲದೆ ವಿಎಂವೇರ್ ಬಳಸುವವರಿಗೆ ಓಪನ್ ವಿಎಂ ಟೂಲ್ಸ್ ಡೆಸ್ಕ್‌ಟಾಪ್, ಕೆವಿಎಂ ಬಳಸುವವರಿಗೆ ಸ್ಪೈಸ್ ವಿಡಿ ಏಜೆಂಟ್ ಎಂಬ ಪ್ಯಾಕೇಜ್ ಇದೇ ಕೆಲಸ ಮಾಡುತ್ತದೆ.

ಇಷ್ಟೇ. ಆ ಮನೆಯಲ್ಲಿ ನಮಗೆ ಹೆಚ್ಚು ಹೊತ್ತು ಹಿಡಿದದ್ದು ಪ್ಯಾಕೇಜ್ ಇಳಿಯಲು ನೆಟ್‌ವರ್ಕ್ ಹುಡುಕಿ ಫೋನನ್ನು ಕಿಟಕಿಯಲ್ಲಿಟ್ಟದ್ದು.

ಈಗ ನಮ್ಮ ಎರಡನೆಯ ಜಗಳ. ಇದು ಅಂಗಡಿಯವರ ಜೊತೆಗಲ್ಲ, ನಮ್ಮದೇ ಲಿನಕ್ಸ್ ಸ್ನೇಹಿತರ ಜೊತೆಗೆ. ಆ ಹುಡುಗಿ ಅಂಗಡಿಗೆ ಹೋಗುವ ಮುಂಚೆ ಒಬ್ಬ ತಿಳಿದವರನ್ನು ಕೇಳಿದ್ದಳು. ಅವರು ವಾಟ್ಸಾಪಿನಲ್ಲಿ ಮೂರು ಸಾಲು ಆಜ್ಞೆ ಕಳಿಸಿ 'ಕಾಪಿ ಪೇಸ್ಟ್ ಮಾಡು' ಎಂದರು. ಆಗಲಿಲ್ಲ. 'ನೀನೇ ಏನೋ ತಪ್ಪು ಮಾಡಿದ್ದೀಯ' ಎಂದರು. ಮುಗಿಯಿತು.

ಆ ಮೂರು ಸಾಲು ಏನು? ಮೊದಲನೆಯದು ಸಿವಿಟಿ. ಬೇಕಾದ ಅಳತೆ ಕೊಟ್ಟರೆ ಪರದೆಗೆ ಬೇಕಾದ ಅಂಕಿಗಳನ್ನು ಲೆಕ್ಕ ಹಾಕಿ ಕೊಡುತ್ತದೆ. ಉಳಿದ ಎರಡೂ ಎಕ್ಸ್‌ರ್‍ಯಾಂಡರ್ ಎಂಬ ಆಜ್ಞೆಯವು. ಅಕ್ಷರ ಹೇಳುವುದಾದರೆ ಎಕ್ಸ್, ಆರ್, ಎ, ಎನ್, ಡಿ, ಆರ್. ಒಂದು ಸಾಲು ಹೊಸ ಅಳತೆಯನ್ನು ಹೆಸರಿಸುತ್ತದೆ, ಇನ್ನೊಂದು ಅದನ್ನು ಪರದೆಯ ಪಟ್ಟಿಗೆ ಸೇರಿಸುತ್ತದೆ. ಒಳ್ಳೆಯ ಉಪಾಯವೇ. ಆದರೆ ಹೇಳದೆ ಬಿಟ್ಟದ್ದು ನಾಲ್ಕು ವಿಷಯ.

ಸಿವಿಟಿಗೆ 1366 ಎಂದು ಕೊಟ್ಟರೆ ಅದು 1368 ಎಂದು ಉತ್ತರಿಸುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ಅಗಲ 8ರಿಂದ ಭಾಗವಾಗಬೇಕು. ಮುಂದಿನ ಸಾಲಿನಲ್ಲಿ 1366 ಎಂದೇ ಬರೆದರೆ ಹೆಸರು ಹೊಂದದೆ ಎರರ್ ಬರುತ್ತದೆ. ಪರದೆಯ ಹೆಸರೂ ಎಲ್ಲರಲ್ಲಿ ಒಂದೇ ಅಲ್ಲ. ಒಬ್ಬರಲ್ಲಿ ವರ್ಚುವಲ್-1, ಇನ್ನೊಬ್ಬರಲ್ಲಿ ವಿಜಿಎ-1. ಆಜ್ಞೆಯನ್ನು ಬರೀ ಒಂದೇ ಪದವಾಗಿ ಕೊಟ್ಟರೆ ಅದೇ ಹೆಸರು ತೋರಿಸುತ್ತದೆ. ಮೂರನೆಯದು, ಉಬುಂಟು ಈಗ ಸಾಮಾನ್ಯವಾಗಿ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯಲ್ಲಿ ತೆರೆಯುತ್ತದೆ. ಅಲ್ಲಿ ಎಕ್ಸ್‌ರ್‍ಯಾಂಡರ್‌ನಿಂದ ಹೊಸ ಅಳತೆ ಸೇರಿಸಲಾಗದು. ಸೆಟ್ಟಿಂಗ್ಸ್‌ನ ಅಬೌಟ್ ಭಾಗದಲ್ಲಿ ನಿಮ್ಮದು ವೇಲ್ಯಾಂಡೋ ಎಕ್ಸ್11 ಎಂಬ ಹಳೆಯ ವ್ಯವಸ್ಥೆಯೋ ನೋಡಬಹುದು. ಕೊನೆಯದು, ಹೀಗೆ ಸೇರಿಸಿದ ಅಳತೆ ರೀಸ್ಟಾರ್ಟ್ ಆದರೆ ಮಾಯ. ಉಳಿಯಬೇಕೆಂದರೆ ಆ ಸಾಲುಗಳನ್ನು ಲಾಗಿನ್ ಆದಾಗಲೆಲ್ಲ ಓಡುವ ಫೈಲಿನಲ್ಲಿ ಬರೆದಿಡಬೇಕು.

ಈ ನಾಲ್ಕು ಮಾತು ಹೇಳಲು ಐದು ನಿಮಿಷ ಸಾಕಿತ್ತು. ಹೇಳದ್ದರಿಂದ ಒಬ್ಬ ವಿದ್ಯಾರ್ಥಿನಿ ತಾನೇ ದಡ್ಡಿ ಎಂದುಕೊಂಡಳು, ಮನೆಯವರು ಅಂಗಡಿಗೆ ಹೋದರು. ಅರ್ಥವಾಗದ ಮಂತ್ರ ಹೇಳಿಸಿ, ಫಲ ಬರದಿದ್ದರೆ ಭಕ್ತಿ ಸಾಲದು ಎನ್ನುವವರನ್ನು ನಾವು ಊರಲ್ಲಿ ಬೇಕಾದಷ್ಟು ನೋಡಿದ್ದೇವೆ. ಸ್ವತಂತ್ರ ತಂತ್ರಾಂಶದ ಹೆಸರಿನಲ್ಲೂ ಅದೇ ನಡೆದರೆ ಸ್ವಾತಂತ್ರ್ಯ ಎಲ್ಲಿ ಬಂತು?

ಇನ್ನೊಂದು ಸುಲಭದ ಸಲಹೆಯೂ ಓಡಾಡುತ್ತಿದೆ: 'ಸ್ಕೇಲ್ಡ್ ಮೋಡ್ ಹಾಕು, ಪರದೆ ತುಂಬುತ್ತದೆ.' ತುಂಬುತ್ತದೆ ನಿಜ, ಆದರೆ ಚಿಕ್ಕ ಫೋಟೊ ಹಿಗ್ಗಿಸಿ ಫ್ಲೆಕ್ಸ್ ಹಾಕಿದ ಹಾಗೆ. ಇಂಗ್ಲಿಷ್ ಅಕ್ಷರ ಹೇಗೋ ಓದಬಹುದು. ಕನ್ನಡದ ಒತ್ತಕ್ಷರ ಕಲಸಿಹೋಗುತ್ತದೆ. 'ಷ್ಟ್ರ' ಎಂದು ಟೈಪ್ ಮಾಡಿ ನೋಡಿ. ಕನ್ನಡದಲ್ಲಿ ಬರೆಯುವವರಿಗೆ ಸರಿಯಾದ ರೆಸಲ್ಯೂಷನ್ ಶೋಕಿಯಲ್ಲ, ಕಣ್ಣಿನ ಪ್ರಶ್ನೆ.

'ಹಳ್ಳಿ ಮಕ್ಕಳಿಗೆ ಇದೆಲ್ಲ ಯಾಕೆ, ಫೋನ್ ಸಾಲದೇ?' ಎನ್ನುವವರಿದ್ದಾರೆ. ಸಾಲದು. ಈ ಮಕ್ಕಳು ನಾಳೆ ಕೆಲಸಕ್ಕೆ ಹೋದರೆ ಸರ್ವರ್‌ಗಳಲ್ಲಿ ಎದುರಾಗುವುದು ಬಹುಪಾಲು ಲಿನಕ್ಸೇ. ಲ್ಯಾಬಿನಲ್ಲಿ ವಾರಕ್ಕೆ ಕೆಲವೇ ಗಂಟೆ ಸಿಗುತ್ತದೆ. ಮನೆಯಲ್ಲಿ ಕಲಿಯಲು, ಕೆಡಿಸಿ ಮತ್ತೆ ಕಟ್ಟಲು, ವರ್ಚುವಲ್ ಮೆಷಿನ್‌ಗಿಂತ ಅಗ್ಗದ ದಾರಿ ಇಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಮಕ್ಕಳು ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ. ಅಲ್ಲಿನ ಮಕ್ಕಳಿಗೆ ಬೇರೆ ಮೆದುಳಿಲ್ಲ. ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು.

ಆದ್ದರಿಂದ ನಾವು ಕೇಳುವುದಿಷ್ಟು. ಲಿನಕ್ಸ್ ಕಲಿಸುವ ಕಾಲೇಜುಗಳು ಮೊದಲ ಲ್ಯಾಬಿನಲ್ಲೇ ಗೆಸ್ಟ್ ಅಡಿಷನ್ಸ್ ಹಾಕುವುದನ್ನು ಮಾಡಿಸಲಿ. ಕರ್ನಲ್ ಅಪ್‌ಡೇಟ್ ಆದ ಮೇಲೆ ಪರದೆ ಮತ್ತೆ ಚಿಕ್ಕದಾಗಬಹುದು, ಆಗ ಅದನ್ನೇ ಇನ್ನೊಮ್ಮೆ ಹಾಕಬೇಕೆಂದೂ ಹೇಳಿಕೊಡಲಿ. ಶಿಬಿರ ಮಾಡಿ ಲಿನಕ್ಸ್ ಹಾಕಿಕೊಟ್ಟು ಹೋಗುವ ಸ್ನೇಹಿತರು ಒಂದು ಪುಟದಷ್ಟು ಕನ್ನಡ ಟಿಪ್ಪಣಿಯನ್ನೂ ಬಿಟ್ಟುಹೋಗಲಿ. ಅದರಲ್ಲಿ ಆಜ್ಞೆಯ ಜೊತೆ ಕಾರಣವೂ ಇರಲಿ.

ಓದುವ ನೀವೂ ಒಂದು ಮಾಡಿ. ಮುಂದಿನ ಸಲ ಯಾರಾದರೂ 'ಹೊಸ ಲ್ಯಾಪ್‌ಟಾಪ್ ತಗೊಳ್ಳಿ' ಎಂದರೆ ದುಡ್ಡು ತೆಗೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಗೆಸ್ಟ್ ಅಡಿಷನ್ಸ್ ಹಾಕಿ ನೋಡಿದ್ರಾ?" ಎದುರಿನವರು ಅದೇನೆಂದು ಕೇಳಿದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಗೆ ಬನ್ನಿ.