ಉಳಿದ ದೃಷ್ಟಿಯನ್ನು ಉಳಿಸುವ ಚಿಕಿತ್ಸೆ

ಕಣ್ಣಿನ ಶಸ್ತ್ರಚಿಕಿತ್ಸೆ ಎಂದೊಡನೆ ನಮ್ಮ ಜನರ ನೆನಪಿಗೆ ಬರುವುದು ಪೊರೆ ತೆಗೆಯುವುದು. ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ನೇತ್ರಶಿಬಿರಗಳನ್ನು ನಡೆಸಿದ ಕಾಲದಿಂದಲೂ, ಪಟ್ಟಿ ಬಿಚ್ಚಿದೊಡನೆ ಲೋಕ ಮತ್ತೆ ಕಾಣುವ ಆನಂದವನ್ನು ಈ ನಾಡು ಕಂಡಿದೆ. ಆದರೆ ಅದೇ ನಿರೀಕ್ಷೆಯನ್ನು ಗ್ಲಾಕೋಮಾ ಶಸ್ತ್ರಚಿಕಿತ್ಸೆಯ ಮೇಲೂ ಇಟ್ಟರೆ ಅದು ಅಪಾಯಕ್ಕೆ ದಾರಿಯಾಗುತ್ತದೆ.

ಕಣ್ಣಿನೊಳಗೆ ತಿಳಿಯಾದ ದ್ರವವೊಂದು ನಿರಂತರವಾಗಿ ಉತ್ಪತ್ತಿಯಾಗಿ ಹೊರಹರಿಯುತ್ತಿರುತ್ತದೆ. ಆ ಹರಿವಿಗೆ ತಡೆಯುಂಟಾದರೆ ಒತ್ತಡ ಏರಿ ದೃಷ್ಟಿನರ ಕ್ರಮೇಣ ನಶಿಸುತ್ತದೆ. ಕೆಲವರಲ್ಲಿ ಒತ್ತಡ ಸಹಜವಾಗಿದ್ದರೂ ನರಕ್ಕೆ ಹಾನಿಯಾಗುವುದುಂಟು. ಸಾಮಾನ್ಯವಾಗಿ ನೋವಿರುವುದಿಲ್ಲ, ಮೊದಲು ಹೋಗುವುದು ಅಂಚಿನ ನೋಟ. ಅಂಗೈಯ ಇಷ್ಟಲಿಂಗ ಸ್ಪಷ್ಟವಾಗಿ ಕಾಣುತ್ತಿರುವಾಗಲೇ ಪಕ್ಕದಲ್ಲಿ ನಿಂತವರು ಕಾಣದಂತಾಗಿರಬಹುದು. ಹೀಗೆ ಹೋದ ದೃಷ್ಟಿಯನ್ನು ಮರಳಿ ತರುವ ಚಿಕಿತ್ಸೆ ಇಂದಿಗೂ ಇಲ್ಲ. ಹನಿಮದ್ದು, ಲೇಸರ್, ಶಸ್ತ್ರಚಿಕಿತ್ಸೆ ಇವೆಲ್ಲವೂ ಮಾಡುವುದು ಒಂದೇ ಕೆಲಸ: ಒತ್ತಡವನ್ನು ಇಳಿಸಿ, ಉಳಿದ ದೃಷ್ಟಿಯನ್ನು ಕಾಪಾಡುವುದು.

ಈ ಕೆಲಸಕ್ಕೆ ಇಂದು ಹಲವು ಮಾರ್ಗಗಳಿವೆ. ದ್ರವ ಹೊರಹೋಗುವ ಕೋನ ಕಿರಿದಾಗಿದ್ದರೆ ಲೇಸರ್‌ನಿಂದ ಐರಿಸ್ ಪಟಲದಲ್ಲಿ ಸೂಕ್ಷ್ಮ ರಂಧ್ರ ಮಾಡುತ್ತಾರೆ. ಕೋನ ತೆರೆದಿದ್ದರೆ ಮತ್ತೊಂದು ಬಗೆಯ ಲೇಸರ್ ಹರಿವನ್ನು ಸುಗಮಗೊಳಿಸುತ್ತದೆ. ಇವುಗಳಿಂದ ಸಾಲದಿದ್ದಾಗ, 1968ರಿಂದ ಪ್ರಚಲಿತವಾಗಿರುವ ಟ್ರಾಬೆಕ್ಯುಲೆಕ್ಟಮಿ ಇದೆ. ಕಣ್ಣಿನ ಬಿಳಿಭಾಗದಲ್ಲಿ ಮುಚ್ಚಳದಂತಹ ಪದರವೊಂದನ್ನು ಮಾಡಿ ದ್ರವಕ್ಕೆ ಹೊಸ ದಾರಿ ಕೊಡುವ ವಿಧಾನವಿದು. ಇದು ಫಲಿಸದ ಕಣ್ಣಿಗೆ ಸಣ್ಣ ಕೊಳವೆಯನ್ನು ಅಳವಡಿಸಬಹುದು; ಮಧುರೈನ ಅರೋಲ್ಯಾಬ್ ಸಂಸ್ಥೆ ಅಂತಹ ಸಾಧನವನ್ನು ಕಡಿಮೆ ಬೆಲೆಗೆ ತಯಾರಿಸುತ್ತಿದೆ. ಒಂದು ಮಿಲಿಮೀಟರಿನಷ್ಟು ಚಿಕ್ಕ ಸ್ಟೆಂಟ್ ಇಡುವಂತಹ ಹೊಸ ಕ್ರಮಗಳೂ ಬಂದಿದ್ದು, ಅವನ್ನು ಬಹುಮಟ್ಟಿಗೆ ಪೊರೆಯ ಶಸ್ತ್ರಚಿಕಿತ್ಸೆಯೊಂದಿಗೇ ಮಾಡುತ್ತಾರೆ.

ಹೊಸದೂ ದುಬಾರಿಯೂ ಆದದ್ದೇ ಶ್ರೇಷ್ಠವೆಂಬ ಭ್ರಮೆ ಬೇಡ. ಸ್ಟೆಂಟ್ ಕ್ರಮದಲ್ಲಿ ಗಾಯ ಚಿಕ್ಕದು, ಚೇತರಿಕೆ ಬೇಗ. ಆದರೆ ಅದು ಇಳಿಸುವ ಒತ್ತಡವೂ ಮಿತವೇ. ರೋಗ ಬಲಿತ ಕಣ್ಣಿಗೆ ಹಳೆಯ ಟ್ರಾಬೆಕ್ಯುಲೆಕ್ಟಮಿಯೇ ಇಂದಿಗೂ ಹೆಚ್ಚಿನ ಆಸರೆ. ಆದ್ದರಿಂದ ವೈದ್ಯರನ್ನು ಕೇಳಬೇಕಾದದ್ದು ಯಂತ್ರದ ಹೆಸರನ್ನಲ್ಲ. ‘ನನ್ನ ಕಣ್ಣಿನ ಒತ್ತಡ ಎಷ್ಟಕ್ಕೆ ಇಳಿಯಬೇಕು, ಈ ವಿಧಾನದಿಂದ ಅದು ಸಾಧ್ಯವೇ’ ಎಂಬುದನ್ನು.

‘ಶಸ್ತ್ರಚಿಕಿತ್ಸೆ ಮಾಡಿಸಿದರೂ ನೋಟ ಹೆಚ್ಚಲಿಲ್ಲ’ ಎಂದು ಬೇಸರಗೊಂಡು ತಪಾಸಣೆ ಬಿಡುವವರಿದ್ದಾರೆ. ನೋಟ ಕುಗ್ಗದೆ ನಿಂತಿದ್ದರೆ ಅದೇ ಚಿಕಿತ್ಸೆಯ ಫಲ. ಮಾಡಿದ ದಾರಿ ವರ್ಷಗಳ ನಂತರ ಮುಚ್ಚಿಕೊಳ್ಳಬಹುದು, ಸೋಂಕೂ ತಗಲಬಹುದು. ಆದಕಾರಣ ತಪಾಸಣೆ ಜೀವನಪರ್ಯಂತ ನಡೆಯಬೇಕು. ಕಣ್ಣು ಕೆಂಪಾಗಿ ನೋವು ಬಂದರೆ ಅಂದೇ ವೈದ್ಯರನ್ನು ಕಾಣಬೇಕು.

ಇಲ್ಲಿಯೇ ನಮ್ಮ ಮಠಗಳ ಹೊಣೆಯೂ ಇದೆ. ಪೊರೆಗೆ ಒಂದು ದಿನದ ಶಿಬಿರ ಸಾಕಾದೀತು, ಗ್ಲಾಕೋಮಾಕ್ಕೆ ಸಾಲದು. ಶಿಬಿರಗಳಿಗೆ ಬರುವ ನಲವತ್ತು ದಾಟಿದ ಎಲ್ಲರ ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷಿಸುವ ವ್ಯವಸ್ಥೆಯಾಗಲಿ. ರೋಗ ಕಂಡುಬಂದವರ ಒಡಹುಟ್ಟಿದವರನ್ನೂ ಮಕ್ಕಳನ್ನೂ ಕರೆಸಿ ನೋಡಲಿ, ಏಕೆಂದರೆ ಈ ರೋಗ ಮನೆತನದಲ್ಲಿ ಹರಿದುಬರುವುದುಂಟು. ಅವರ ಹೆಸರುಗಳನ್ನು ಬರೆದಿಟ್ಟುಕೊಂಡು, ತಪಾಸಣೆಯ ದಿನ ಬಂದಾಗ ನೆನಪಿಸಿ, ಬಡವರಿಗೆ ಹನಿಮದ್ದಿನ ಮತ್ತು ಬಸ್ಸಿನ ವೆಚ್ಚವನ್ನು ಭರಿಸುವ ಕೆಲಸವನ್ನು ಭಕ್ತರು ವಹಿಸಿಕೊಳ್ಳಲಿ. ಹಸಿದವರಿಗೆ ನಿತ್ಯವೂ ಅನ್ನವಿಕ್ಕುವ ದಾಸೋಹದ ಪರಂಪರೆಗೆ ಇಂತಹ ನಿರಂತರ ಸೇವೆ ಹೊಸದೇನೂ ಅಲ್ಲ.