ಹೊಸೂರು ಹೊಸ ಊರಾದ ಬಗೆ

ಜೂನ್ ತಿಂಗಳಲ್ಲಿ ಶಾಲೆ ತೆರೆಯಿತೆಂದರೆ ಹಳೆಯ ದಾಖಲಾತಿ ಪುಸ್ತಕಗಳ ಧೂಳು ಕೊಡವುವುದು ನಮಗೆ ವಾಡಿಕೆ. ಯಾರಿಗಾದರೂ ಜನ್ಮದಿನಾಂಕದ ನಕಲು ಬೇಕಾಗಿಯೇ ಇರುತ್ತದೆ. ಈ ಸಲ ಅಂಥದೊಂದು ನಕಲನ್ನು ಅರಸುತ್ತಿದ್ದಾಗ 'ತಂದೆಯ ಉದ್ಯೋಗ' ಎಂಬ ಅಂಕಣದಲ್ಲಿ ನಮ್ಮ ಕಣ್ಣು ನಿಂತುಬಿಟ್ಟಿತು. ಹೊಸೂರಿನ ಅರ್ಧ ಶತಮಾನದ ಚರಿತ್ರೆಯನ್ನು ಬರೆಯಹೊರಡುವವರು ದೂರ ಹೋಗಬೇಕಾಗಿಲ್ಲ; ಆ ಒಂದು ಅಂಕಣವನ್ನು ಮೇಲಿನಿಂದ ಕೆಳಗೆ ಓದಿದರೆ ಸಾಕು.

ಕನ್ನಡ ನಾಡಿನಲ್ಲಿ ಹೊಸೂರುಗಳಿಗೆ ಬರವಿಲ್ಲ. ನಾವು ಹೇಳುತ್ತಿರುವುದು ಬೆಂಗಳೂರಿಗೆ ನಲವತ್ತು ಕಿಲೋಮೀಟರು ದೂರದಲ್ಲಿದ್ದೂ ತಮಿಳುನಾಡಿಗೆ ಸೇರಿದ, ತೆಲುಗು, ಕನ್ನಡ, ತಮಿಳು ಮೂರನ್ನೂ ಒಂದೇ ಸಂತೆಯಲ್ಲಿ ಆಡುವ ನಮ್ಮ ಹೊಸೂರಿನ ವಿಚಾರ. ಹೆಸರು ಹೊಸದಾದರೂ ಊರು ಬಹುಕಾಲ ಹಳೆಯದಾಗಿಯೇ ಉಳಿದಿತ್ತು. 1824ರಲ್ಲಿ ಕಂಪನಿ ಸರ್ಕಾರದವರು ಮತ್ತಿಗಿರಿಯ ಬಳಿ ಪ್ರಾಣಿ ಸಾಕಣೆಯ ವಿಶಾಲವಾದ ಕ್ಷೇತ್ರವನ್ನು ಏರ್ಪಡಿಸಿದರು. 1913ರಲ್ಲಿ ಮೊರಪ್ಪೂರು, ಧರ್ಮಪುರಿಗಳ ಕಡೆಯಿಂದ ಪುಟ್ಟ ಹಳಿಯ ರೈಲು ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಹಳಿಯನ್ನೇ ಕಿತ್ತರು. ರೈಲು ಬಂದರೆ ಊರು ಬೆಳೆಯುತ್ತದೆಂಬುದು ಲೋಕದ ಮಾತು. ನಮ್ಮಲ್ಲಿ ರೈಲೇ ಬೇಸತ್ತು ಹೊರಟುಹೋಯಿತು.

ಬೆಳವಣಿಗೆಗೆ ಕಾರಣವಾದದ್ದು ಹಿಂದುಳಿದವರೆಂಬ ಹಣೆಪಟ್ಟಿಯೇ ಎಂದರೆ ವಾಚಕರು ನಗಬಾರದು. 1965ರಲ್ಲಿ ಸೇಲಂನಿಂದ ಬೇರೆಯಾದ ಧರ್ಮಪುರಿ ಜಿಲ್ಲೆ ಹಿಂದುಳಿದ ಪ್ರದೇಶವೆಂದು ಎಣಿಸಲ್ಪಟ್ಟು, ಅಲ್ಲಿ ಕಾರ್ಖಾನೆ ಹೂಡುವವರಿಗೆ ಸರ್ಕಾರದ ಸಹಾಯಧನ, ರಿಯಾಯಿತಿಗಳು ದೊರೆತವು. 1971ರಲ್ಲಿ ಸ್ಥಾಪನೆಯಾದ ಸಿಪ್‌ಕಾಟ್ ಸಂಸ್ಥೆ ಆ ದಶಕದಲ್ಲಿಯೇ ಹೊಸೂರಿನ ಹೊರವಲಯದ ಹೊಲಗಳನ್ನು ಕೈಗಾರಿಕಾ ವಸಾಹತನ್ನಾಗಿ ಮಾಡಿತು. ಭೂಮಿ ಅಗ್ಗ, ಹವೆ ತಂಪು, ಯಂತ್ರದ ಬಿಡಿಭಾಗಕ್ಕೂ ಇಂಜಿನಿಯರಿಗೂ ಬೆಂಗಳೂರು ಕೂಗಳತೆಯಲ್ಲಿ. ಉದ್ಯಮಿಗಳಿಗೆ ಇನ್ನೇನು ಬೇಕು? 1980ರಲ್ಲಿ ಅಶೋಕ್ ಲೇಲ್ಯಾಂಡಿನ ಲಾರಿ ಕಾರ್ಖಾನೆ ಬಂದಿತು. ಅದೇ ಸುಮಾರಿನಲ್ಲಿ ಟಿ.ವಿ.ಎಸ್. ಮೊಪೆಡ್ ಇಲ್ಲಿಂದ ದೇಶದ ಬೀದಿಗಳಿಗೆ ಇಳಿಯಿತು. 1987ರ ಹೊತ್ತಿಗೆ ಟೈಟನ್ ಗಡಿಯಾರಗಳು ತಯಾರಾಗತೊಡಗಿದವು. ಶಾಲೆ ಮುಗಿಸಿದ ಹಳ್ಳಿಗಾಡಿನ ಎಳೆಯರನ್ನು ಕರೆತಂದು ಸೂಕ್ಷ್ಮ ಕೆಲಸ ಕಲಿಸಿದ ಈ ಕಡೆಯ ಕಾರ್ಖಾನೆಯ ಕ್ರಮವನ್ನು ಉಪಾಧ್ಯಾಯರಾದ ನಾವು ಇಂದಿಗೂ ಮೆಚ್ಚುತ್ತೇವೆ.

ಇನ್ನು ನಮ್ಮ ಪುಸ್ತಕದ ಮಾತು. ನಾವು ಓದಿದ ಶಾಲೆಯಲ್ಲಿಯೇ ಈಗ ಮುಖ್ಯೋಪಾಧ್ಯಾಯರಾಗಿರುವುದರಿಂದ ನಮ್ಮ ಹೆಸರೂ ಆ ಪುಸ್ತಕದಲ್ಲಿದೆ. 1975, ತಂದೆಯ ಉದ್ಯೋಗ: ಬೇಸಾಯ. ಹತ್ತು ವರ್ಷದ ತರುವಾಯ ನಮ್ಮ ಕಿರಿಯ ತಮ್ಮ ಸೇರಿದಾಗ ಅದೇ ತಂದೆಯ ಉದ್ಯೋಗ: ವಾಚ್‌ಮನ್. ನಡುವೆ ಎರಡೂವರೆ ಎಕರೆ ರಾಗಿ ಹೊಲ ದಲ್ಲಾಳಿಯೊಬ್ಬನ ಕೈಸೇರಿ, ಅಲ್ಲಿ ಒಂದು ಸಣ್ಣ ವರ್ಕ್‌ಶಾಪು ಎದ್ದಿತ್ತು. ಅಕ್ಕಂದಿರಿಬ್ಬರ ಮದುವೆ ಆ ಹಣದಲ್ಲಿ ನಡೆಯಿತು. ಹೊಲದ ಮೂಲೆಯ ಹುಣಸೆಮರದ ಕೆಳಗೆ ಕುರ್ಚಿ ಹಾಕಿಕೊಂಡು ತಂದೆಯವರು ರಾತ್ರಿಪಾಳಿ ಕಾದರು. ಮಾರಿದ್ದು ತಪ್ಪೆಂದು ಅವರು ಎಂದೂ ಆಡಲಿಲ್ಲ. ಮಳೆ ಕೈಕೊಟ್ಟ ವರ್ಷ ಆ ಹೊಲ ಹುರುಳಿಯನ್ನೂ ಕೊಡುತ್ತಿರಲಿಲ್ಲ, ಸಂಬಳವಾದರೋ ತಿಂಗಳಿಗೊಮ್ಮೆ ಬರುತ್ತಿತ್ತು. ತಮ್ಮನು ಐ.ಟಿ.ಐ. ಓದಿ ಖಾಯಂ ನೌಕರನಾಗಿ ಮನೆ ಕಟ್ಟಿದ. ಅವನ ಮಗನಿಗೆ ದೊರೆತಿರುವುದು ಗುತ್ತಿಗೆಯ ಕೆಲಸ, ವರ್ಷಕ್ಕೊಂದು ಗೇಟು.

1992ರಲ್ಲಿ ಊರು ಪುರಸಭೆಯ ಆಡಳಿತವನ್ನು ಕಂಡಿತು, 2004ರಲ್ಲಿ ಹೊಸದಾಗಿ ರಚಿತವಾದ ಕೃಷ್ಣಗಿರಿ ಜಿಲ್ಲೆಗೆ ಸೇರಿತು, 2019ರಲ್ಲಿ ಮಹಾನಗರ ಪಾಲಿಕೆಯಾಯಿತು. 2011ರ ಗಣತಿಯಲ್ಲಿಯೇ ಜನಸಂಖ್ಯೆ 1 ಲಕ್ಷ 16 ಸಾವಿರವನ್ನು ದಾಟಿತ್ತು. ಹಸಿರುಮನೆಗಳ ಗುಲಾಬಿ ವಿದೇಶಕ್ಕೆ ಹಾರುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ಮಾತ್ರ ಬೆಂಗಳೂರಿನ ಕೊಳೆಯನ್ನೆಲ್ಲ ಹೊತ್ತು ಬಂದು ಕೆಲವರಪಳ್ಳಿ ಜಲಾಶಯದಲ್ಲಿ ನೊರೆಯಾಗಿ ಉಕ್ಕುತ್ತದೆ. ಸಂಪತ್ತು ಹಂಚಿಕೊಳ್ಳುವಾಗ ಗಡಿಯನ್ನು ಎಣಿಸುವ ನಾವು ಕೊಳಕಿಗೆ ಗಡಿಯನ್ನೇ ಇಡಲಿಲ್ಲ.

ನಗರ ಬೆಳೆದಂತೆ ನಮ್ಮ ಕನ್ನಡ ಶಾಲೆ ಕುಗ್ಗಿತು. ಸಂಬಳ ಬಂದ ಮನೆಗಳ ಮುಂದೆ ಇಂಗ್ಲಿಷ್ ಶಾಲೆಯ ವ್ಯಾನು ನಿಂತಿತು. 2006ರ ತಮಿಳು ಕಲಿಕೆ ಕಾಯಿದೆಯ ನಂತರ, ಕನ್ನಡದಲ್ಲಿ ಓದಿಸಿದರೆ ಮಕ್ಕಳಿಗೆ ಹೊರೆಯಾದೀತೆಂಬ ಅಂಜಿಕೆಯೂ ಸೇರಿಕೊಂಡಿತು. ತಮಿಳು ಕಲಿಯಬಾರದೆಂದು ನಾವು ಹೇಳುವವರಲ್ಲ. ನಾವೇ ಕಲಿತಿದ್ದೇವೆ, ಆ ನುಡಿಯಲ್ಲಿಯೇ ಕಚೇರಿಗೆ ಬರೆಯುತ್ತೇವೆ. ಆದರೆ ಹಳ್ಳಿಯ ಮನೆಮನೆಗೆ ಹೋಗಿ ಮಕ್ಕಳನ್ನು ಬೇಡಿದರೂ ಈ ವರ್ಷ ಒಂದನೆಯ ತರಗತಿಗೆ ದೊರೆತವರು ಐವರು. ಇನ್ನಷ್ಟು ಇಳಿದರೆ ಎರಡನೆಯ ಉಪಾಧ್ಯಾಯಿನಿಯವರನ್ನು ಬೇರೆಡೆಗೆ ಕಳುಹಿಸುವರು.

ಆಗ ಅನಿರೀಕ್ಷಿತವಾಗಿ ನಾಲ್ವರು ಬಂದರು. ಹೆದ್ದಾರಿಯ ಪಕ್ಕದಲ್ಲಿ ಏಳುತ್ತಿರುವ ವಸತಿ ಕಟ್ಟಡದ ಕೆಲಸಕ್ಕೆಂದು ಯಾದಗಿರಿಯ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು. ತಗಡಿನ ಶೆಡ್ಡುಗಳಲ್ಲಿ ವಾಸ. ಒಬ್ಬಾತ ಮಗಳ ಕೈಹಿಡಿದು ಬಾಗಿಲಲ್ಲಿಯೇ ನಿಂತು, "ಸರ, ಇಲ್ಲಿ ಕನ್ನಡ ಸಾಲಿ ಐತಂತ ಗೊತ್ತೇ ಇರಲಿಲ್ಲರೀ" ಎಂದ. ನಾವು ಒಳಗೆ ಕೂರಿಸಿ, ಪುಸ್ತಕವನ್ನು ತೆರೆದು, ತಂದೆಯ ಉದ್ಯೋಗದ ಅಂಕಣದಲ್ಲಿ 'ಗಾರೆ ಕೆಲಸ' ಎಂದು ಬರೆದೆವು. ಎಷ್ಟು ದಿನ ಇರುವಿರಿ ಎಂದು ಕೇಳಿದ್ದಕ್ಕೆ, "ಬಿಲ್ಡಿಂಗ್ ಮುಗಿಯೂತನಕ ಇರತೀವ್ರಿ" ಎಂದ. ಹುಡುಗಿ ಚುರುಕಾಗಿದ್ದಾಳೆ, ಕಾಗುಣಿತ ಬೇಗ ಹಿಡಿದಳು.

ಶಾಲೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಕಟ್ಟಡವನ್ನು ನಾವು ದಿನವೂ ನೋಡುತ್ತೇವೆ. ಆರು ಅಂತಸ್ತಂತೆ. ಮೂರನೆಯದಕ್ಕೆ ತಾರಸಿ ಹಾಕಿಯಾಗಿದೆ.